ಶೆಡ್ಡಿನ ಧೂಳು

ಶೆಡ್ಡು ಗುಡಿಸಿಬಿಡೋಣ ಎಂದು ಅತ್ತಿಗೆ ಅಂದಾಗ ನಾನು ಹಾಲಿನ ಡೇರಿಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಒಂದು ಕಾಲು ಹೊಸ್ತಿಲಿನ ಈಚೆ, ಒಂದು ಕಾಲು ಆಚೆ ಇಟ್ಟುಕೊಂಡು ಅವರ ಮುಖ ನೋಡಿದೆ. ಅವರು ಮಂಚದ ಮೇಲೆ ಶಾವಿಗೆ ಹರಡುತ್ತಿದ್ದರು. ನಾಳೆ ಬದನೆಕಾಯಿ ಪಲ್ಯ ಮಾಡೋಣ ಎನ್ನುವಷ್ಟೇ ಸಲೀಸಾಗಿ ಆ ಮಾತು ಆಡಿದ್ದರು.

"ಯಾವ ಶೆಡ್ಡು?" ಎಂದೆ. ನಮ್ಮ ಮನೆಗೆ ಇದ್ದದ್ದು ಒಂದೇ ಶೆಡ್ಡು.

"ಬಸಣ್ಣ ಹಿಟ್ಟಿನ ಗಿರಣಿ ಮುಚ್ಚುತ್ತಾರಂತೆ. ಮೆಷಿನ್ನು ನಾನು ತಗೊಳ್ತೀನಿ ಅಂತ ಹೇಳಿಬಂದೆ. ಇಡೋದಕ್ಕೆ ಜಾಗ ಬೇಕಲ್ಲ, ಗಂಗಾ."

"ಗುಡಿಸಿದರೆ ಗೊತ್ತಾಗಿಬಿಡುತ್ತೆ, ಅತ್ತಿಗೆ."

"ಗೊತ್ತಾದರೆ ಗೊತ್ತಾಗಲಿ" ಎಂದು ಅವರು ಶಾವಿಗೆಯ ಎಳೆಗಳನ್ನು ಬಿಡಿಸುವುದರಲ್ಲಿ ತೊಡಗಿದರು.

ನಮ್ಮೂರಿನ ಧೂಳಿನ ಸಂಗತಿ ಹೊರಗಿನವರಿಗೆ ಹೇಳದಿದ್ದರೆ ಈ ಮಾತು ಅರ್ಥವಾಗುವುದಿಲ್ಲ. ಇಲ್ಲಿ ಒಬ್ಬರ ಮೈಯಿಂದ, ಕಾಲಿನಿಂದ, ಬಟ್ಟೆಯಿಂದ ಉದುರಿದ ಧೂಳನ್ನು ಗುಡಿಸಿ ಬೀದಿಗೆ ಹಾಕಿದರೆ ಬಿಸಿಲು ಇಳಿಯುವ ಹೊತ್ತಿಗೆ ಅದು ಎದ್ದು ಅವರಿರುವಲ್ಲಿಗೆ ಹೋಗುತ್ತದೆ. ಗಾಳಿ ತಂದು ಹಾಕಿದ್ದು, ಗೋಡೆಯಿಂದ ಉದುರಿದ್ದು ಅಲ್ಲೇ ಬಿದ್ದಿರುತ್ತದೆ. ಅದಕ್ಕೇ ನಮ್ಮಲ್ಲಿ ನೆಂಟರು ಹೊರಡುವಾಗ ಜಗಲಿಯ ಮೇಲೆ ನಿಂತು ಕಾಲು ಕೊಡವಿಕೊಳ್ಳುತ್ತಾರೆ. ಕೊಡವದೆ ಹೋದರೆ ಮತ್ತೆ ಬರುವ ಮನಸ್ಸಿದೆ ಎಂದು ನಾವು ತಿಳಿದುಕೊಳ್ಳುತ್ತೇವೆ. ಗಣಿತದ ಮೇಷ್ಟ್ರ ಹಿಂದೆ ದಿನಾ ಸಂಜೆ ಸೀಮೆಸುಣ್ಣದ ಪುಡಿ ಬೀದಿಯುದ್ದಕ್ಕೂ ಹೋಗುತ್ತಿತ್ತು. ರಸ್ತೆಯಲ್ಲಿ ಧೂಳು ದಾಟುತ್ತಿದ್ದರೆ ಬಸ್ಸಿನವರು ನಿಲ್ಲಿಸುತ್ತಾರೆ, ಹಾರ್ನ್ ಹೊಡೆಯುವುದಿಲ್ಲ. ಯಾರ ಮನೆಯಿಂದ ಹೊರಟದ್ದು ಯಾರ ಮನೆಗೆ ಹೋಯಿತು ಎಂದು ನೋಡುತ್ತ ನಿಲ್ಲುವುದು ಮರ್ಯಾದೆಯಲ್ಲ. ನೋಡದವರೂ ಇಲ್ಲವೆನ್ನಿ.

ಸತ್ತವರ ಧೂಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಬೀದಿಗೆ ಹಾಕಿದರೂ ಹಾಕಿದಲ್ಲೇ ಇರುತ್ತದೆ.

ಅಣ್ಣ ಷಡಕ್ಷರಿ ವ್ಯಾನು ಓಡಿಸುತ್ತಿದ್ದ. ಊರಾಚೆಯ ಸುಣ್ಣ ಸುಡುವ ಗೂಡುಗಳಿಂದ ಮೂಟೆ ಹೇರಿಕೊಂಡು ಸುತ್ತಲಿನ ಊರುಗಳಿಗೆ ಹೋಗಿ ಬರುವುದು ಅವನ ಕೆಲಸ. ಒಂದು ಬೆಳಿಗ್ಗೆ ಎಂದಿನ ಹಾಗೆ ಉಪ್ಪಿಟ್ಟು ತಿಂದು, ಶೆಡ್ಡಿನಿಂದ ವ್ಯಾನು ಹೊರಗೆ ತೆಗೆದು, ಬೀಗ ಹಾಕಿ, ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ಸಿಕ್ಕಿಸಿ ಹೋದವನು ತಿರುಗಿ ಬರಲಿಲ್ಲ. ಜಗಳವಾಗಿರಲಿಲ್ಲ. ಕಾಯಿಲೆ ಕಸಾಲೆ ಇರಲಿಲ್ಲ. ಸುಣ್ಣ ಇಳಿಸಿ ಹೋದ ಎಂದು ಅಂಗಡಿಯವರು ಹೇಳಿದರು. ಅಲ್ಲಿಂದ ಮುಂದಿನದು ಪೊಲೀಸರಿಗೂ ತಿಳಿಯಲಿಲ್ಲ. ಮೊದಲ ಕೆಲವು ದಿನ ಮನೆ ಗುಡಿಸಿದಾಗ ಅವನ ಧೂಳು ಎದ್ದು ಗೂಡಿನ ರಸ್ತೆ ಹಿಡಿಯುತ್ತಿತ್ತು. ಬದುಕಿದ್ದಾನೆ, ಇನ್ನೇನು ಬರುತ್ತಾನೆ ಎಂದು ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಹಿಂದೆ ಹೋಗಿ ನೋಡಿದರೆ ಅಷ್ಟು ತುಸು ಧೂಳು ಗೂಡುಗಳ ಹತ್ತಿರವೇ ಕಣ್ತಪ್ಪುತ್ತಿತ್ತು. ಆಮೇಲೆ ಅದು ದಿನದಿಂದ ದಿನಕ್ಕೆ ತೆಳುವಾಯಿತು. ಒಂದು ಸಂಜೆ ಹೊರಗೆ ಹಾಕಿದ ಕಸದಲ್ಲಿ ಅವನದು ಏನೂ ಇರಲಿಲ್ಲ. ಮನೆಯೊಳಗೆ ಅವನು ಬಿಟ್ಟುಹೋದದ್ದು ಮುಗಿದುಹೋಗಿತ್ತು.

ಉಳಿದದ್ದು ಶೆಡ್ಡು ಒಂದೇ. ಮದುವೆಯಾದಾಗಿನಿಂದ ಅಣ್ಣ ಬೆಳಿಗ್ಗೆ, ಸಂಜೆ ಅಲ್ಲೇ ಇರುತ್ತಿದ್ದವನು. ವ್ಯಾನಿನ ಅಡಿಗೆ ನುಸುಳಿ ಮೈಯೆಲ್ಲ ಮಣ್ಣು ಮಾಡಿಕೊಂಡು ಏಳುತ್ತಿದ್ದ. ಒಳಗೆ ಅವನ ಧೂಳು ಬುಟ್ಟಿಗಟ್ಟಲೆ ಇದ್ದೇ ಇರುತ್ತದೆ ಎಂದು ನಮಗೆ ಗೊತ್ತಿತ್ತು. ಮೊದಲ ವರ್ಷ ನಾನು ಅತ್ತಿಗೆಯನ್ನು ಎಷ್ಟು ಬೇಡಿಕೊಂಡೆನೋ.

"ಪೂರ್ತಿ ಬೇಡ ಅತ್ತಿಗೆ, ಒಂದು ಹಿಡಿ ತಂದು ಹಾಕಿ ನೋಡೋಣ. ಇದ್ದಾನೋ ಇಲ್ಲವೋ ತಿಳಿಯುತ್ತಲ್ಲ."

"ಹಿಡಿ ಹಾಕಿದರೂ ಅದೇ, ಬುಟ್ಟಿ ಹಾಕಿದರೂ ಅದೇ. ಹೋಗಿಬಿಟ್ಟಿದ್ದರೆ ಕೂತು ಅಳಬೇಕು. ಬದುಕಿದ್ದರೆ ಅದಕ್ಕೂ ಅಳಬೇಕು. ಎರಡಕ್ಕೂ ನನಗೆ ಪುರುಸೊತ್ತಿಲ್ಲ, ಗಂಗಾ."

ಪುರುಸೊತ್ತು ನಿಜಕ್ಕೂ ಇರಲಿಲ್ಲ. ರೊಟ್ಟಿ, ಶಾವಿಗೆ, ಚಟ್ನಿಪುಡಿ ಮಾಡಿ ಮನೆಮನೆಗೆ ಕೊಡುತ್ತಿದ್ದರು. ಹಣೆಯಲ್ಲಿ ಕುಂಕುಮ ಹಾಗೇ ಇತ್ತು. ತವರಿನವರು ಕರೆದರೂ ಹೋಗಲಿಲ್ಲ. ನಾನು ಮದುವೆಯಾಗದೆ ಉಳಿದವಳು. ಅವರು ಹೊರಟಿದ್ದರೆ ಆ ಮನೆಯಲ್ಲಿ ಒಬ್ಬಳೇ ಆಗುತ್ತಿದ್ದೆ. ಹೀಗೆ ವರ್ಷಗಳು ಕಳೆದವು. ಬೀಗದ ಕೈ ಮೊಳೆಯ ಮೇಲೆ ತುಕ್ಕು ಹಿಡಿಯಿತು.

ಮರುದಿನ ನಾನು ಡೇರಿಗೆ ರಜೆ ಹೇಳಿದೆ. ಇಬ್ಬರೂ ಹಳೆಯ ಸೀರೆ ಸುತ್ತಿ, ತಲೆಗೂ ಮೂಗಿಗೂ ಬಟ್ಟೆ ಕಟ್ಟಿಕೊಂಡೆವು. ಬೀಗ ಕೊಬ್ಬರಿ ಎಣ್ಣೆಗೆ ಬಗ್ಗಲಿಲ್ಲ. ಸುತ್ತಿಗೆಯ ಎರಡು ಏಟಿಗೆ ಬಿತ್ತು. ಬಾಗಿಲು ತೆರೆದಾಗ ಒಳಗಿನ ಗಾಳಿ ಮುಖಕ್ಕೆ ಬಂತು: ಹಳೆಯ ಆಯಿಲ್ಲು, ಸುಣ್ಣ, ಇಲಿಯ ಹಿಕ್ಕೆ. ನೆಲದ ಮೇಲೆ ಬೆರಳು ಮುಳುಗುವಷ್ಟು ಧೂಳು. ಅದರ ಮೇಲೆ ಹಲ್ಲಿಗಳು ಓಡಾಡಿದ ಗೆರೆಗಳು.

ಅತ್ತಿಗೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತರು. ನಾನು ಅವರ ತೋಳು ಮುಟ್ಟಿದೆ. "ಏನಿಲ್ಲ, ಎಲ್ಲಿಂದ ಶುರು ಮಾಡೋದು ಅಂತ ನೋಡ್ತಿದೀನಿ" ಎಂದರು.

ಮೊದಲು ಸಾಮಾನು ಹೊರಗೆ ಹಾಕಿದೆವು. ಸವೆದ ಎರಡು ಟಯರು, ಜಾಕು, ಗ್ರೀಸಿನ ಡಬ್ಬಿ, ಕಲ್ಲಾಗಿಹೋಗಿದ್ದ ಸುಣ್ಣದ ಚೀಲ, ಸ್ಪಂಜು ಕಿತ್ತುಹೋದ ಸೀಟು. ಮೂಲೆಯಲ್ಲಿ ಮಡಿಸಿಟ್ಟ ಟಾರ್ಪಾಲಿನ ಒಳಗೆ ಇಲಿ ಮರಿ ಹಾಕಿತ್ತು. ಅತ್ತಿಗೆ ಮರಿಗಳನ್ನು ಮೊರದಲ್ಲಿ ಹಿಡಿದುಕೊಂಡು ಹೋಗಿ ಬೇಲಿಯ ಬುಡದಲ್ಲಿ ಬಿಟ್ಟು ಬಂದರು. ಗುಜರಿಯವನು ಕಬ್ಬಿಣದ್ದನ್ನೆಲ್ಲ ಕೈಗಾಡಿಗೆ ಹೇರಿಕೊಂಡು ಹೋದ. ಗೋಡೆಯ ಮೊಳೆಗೆ ಅಣ್ಣನ ಚೌಕಳಿ ಟವೆಲು ನೇತಾಡುತ್ತಿತ್ತು. ನಾನು ಅದನ್ನು ಹಾಗೇ ಹೊರಗೆ ಒಯ್ಯಹೊರಟೆ. "ಒಳಗೇ ಕೊಡವು. ಅದರಲ್ಲಿರೋದೂ ಬರಲಿ" ಎಂದರು ಅತ್ತಿಗೆ.

ಆಮೇಲೆ ಉದ್ದನೆಯ ಬಿದಿರಿನ ಗಳುವಿಗೆ ಪೊರಕೆ ಕಟ್ಟಿ ಸೂರಿನ ತಗಡಿನ ಕೆಳಗಿನ ಜೇಡರ ಬಲೆ ತೆಗೆದೆವು. ಕಡಪಾಕಲ್ಲಿನ ಹಲಗೆ, ಕಿಟಕಿಯ ಸರಳು, ಬಾಗಿಲಿನ ಹಿಂಭಾಗ, ಎಲ್ಲ ಮೇಲಿನಿಂದ ಕೆಳಕ್ಕೆ ಒರೆಸಿ ನೆಲಕ್ಕೆ ಇಳಿಸಿದೆವು. ಆಯಿಲ್ಲು ಸುರಿದು ಕಪ್ಪಾಗಿದ್ದ ಜಾಗಕ್ಕೆ ಮರದ ಹೊಟ್ಟು ಹಾಕಿ ಉಜ್ಜಿದೆವು. ಅತ್ತಿಗೆ ಮೂಲೆಯಿಂದ ಕಡ್ಡಿಪೊರಕೆ ಹಾಕುತ್ತ ಬಂದರೆ ನಾನು ಹಿಂದಿನಿಂದ ನುಣ್ಣನೆಯ ಪೊರಕೆಯಲ್ಲಿ ಉಳಿದದ್ದನ್ನು ಎಳೆಯುತ್ತಿದ್ದೆ. ಬಾಗಿಲಿನ ಬೆಳಕಿನಲ್ಲಿ ಧೂಳು ಎದ್ದು ನಿಲ್ಲುತ್ತಿತ್ತು. ಇಬ್ಬರೂ ಸೀನಿದ್ದೇ ಸೀನಿದ್ದು. ಒಂದು ಸಲ ಅತ್ತಿಗೆ ಸಾಲಾಗಿ ಸೀನಿ ಗೋಡೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ದಿನ ನಗಬೇಕಾಗಿ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಪುಟ್ಟತಾಯಮ್ಮ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಹಿರಿಯರು, ಕಷ್ಟಕ್ಕೆ ಆದವರು. ನೆಲದ ಮಧ್ಯೆ ಸೇರಿದ್ದ ಗುಡ್ಡೆ ನೋಡಿ ಅವರ ದನಿ ತಾನಾಗಿಯೇ ಇಳಿಯಿತು. ಅತ್ತಿಗೆಗೆ ಹೇಳಿದರು:

"ಸರ್ವಮಂಗಳಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ಕಣಮ್ಮ. ಒಂದು ಬಿಂದಿಗೆ ನೀರು ಚಿಮುಕಿಸಿಬಿಡು. ಕೆಸರಾದರೆ ಎತ್ತಿ ತಿಪ್ಪೆಗೆ ಹಾಕಬಹುದು. ಒದ್ದೆಯಾದ ಧೂಳು ಎಲ್ಲಿಗೂ ಏಳಲ್ಲ. ತಿಳ್ಕೊಂಡು ಏನಾಗಬೇಕಾಗಿದೆ? ಇಷ್ಟು ದಿನ ನಡೆದಿಲ್ಲವಾ?"

ನಮ್ಮೂರಲ್ಲಿ ಹಾಗೆ ಮಾಡುವವರಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅತ್ತಿಗೆ ಬಾವಿಯ ಕಡೆ ಹೋಗಿ ಬಿಂದಿಗೆ ತುಂಬಿಕೊಂಡು ಬಂದರು. ನಾನು ಗುಡ್ಡೆಗೆ ಅಡ್ಡ ನಿಂತೆ.

"ಅತ್ತಿಗೆ, ಬೇಡ. ನನಗೆ ಗೊತ್ತಾಗಬೇಕು. ನಿಮಗೆ ಅವನು ಗಂಡ, ಸರಿ. ನನಗೂ ಅಣ್ಣ. ಅವನನ್ನ ನೆನೆಸ್ಕೊಂಡಾಗ ಹೋಗಿಬಿಟ್ಟವನು ಅಂತ ನೆನೆಸಬೇಕೋ, ಎಲ್ಲೋ ಇರೋವನು ಅಂತ ನೆನೆಸಬೇಕೋ, ಅದೂ ಗೊತ್ತಿಲ್ಲದೆ ಎಷ್ಟು ದಿನ ಇರಲಿ?"

ಅತ್ತಿಗೆ ಬಿಂದಿಗೆಯನ್ನು ಸೊಂಟದಲ್ಲೇ ಇಟ್ಟುಕೊಂಡು ಗುಡ್ಡೆಯನ್ನು ನೋಡುತ್ತ ನಿಂತರು. ಆಮೇಲೆ ಮೂಗಿನ ಬಟ್ಟೆ ಬಿಚ್ಚಿ, ಹಿತ್ತಲಿಗೆ ನಡೆದು, ಆ ನೀರಿನಲ್ಲಿ ತಮ್ಮ ಮುಖ, ಕೈ, ಕತ್ತು ತೊಳೆದುಕೊಂಡರು. ಉಳಿದದ್ದನ್ನು ನನ್ನ ಕೈಗೆ ಹುಯ್ದರು. "ಬುಟ್ಟಿ ತಗೊಂಡು ಬಾ" ಎಂದರು.

ಬುಟ್ಟಿ ಬುಟ್ಟಿ ಹೊತ್ತು ರಸ್ತೆಯ ಅಂಚಿಗೆ ಸುರಿದೆವು. ಸೊಂಟದೆತ್ತರದ ರಾಶಿಯಾಯಿತು. ಪುಟ್ಟತಾಯಮ್ಮ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು, ನೋಡುತ್ತ ನಿಲ್ಲಲಿಲ್ಲ. ನಾವಿಬ್ಬರೂ ಶೆಡ್ಡಿನ ಮೆಟ್ಟಿಲ ಮೇಲೆ ಕೂತೆವು. ಬಿಸಿಲು ಎದುರು ಮನೆಯ ಮಾಡಿನ ಹಿಂದಕ್ಕೆ ಜಾರಿತು.

ಮೊದಲು ಅತ್ತಿಗೆಯದು ಎದ್ದಿತು. ಊಟಕ್ಕೆ ಕರೆಯಲು, ಕಾಫಿ ಕೊಡಲು ಹೋಗುತ್ತಿದ್ದ ಕಾಲದ ಧೂಳು, ತುಸುವೇ, ಬಂದು ಅವರ ಸೀರೆಯ ಅಂಚಿಗೆ ಕೂತಿತು. ನನ್ನದೂ ಒಂದಿಷ್ಟು ಪಾದದ ಹತ್ತಿರ ಬಂತು. ಗುಜರಿಯವನದು ಅವನ ಓಣಿಯ ಕಡೆ ಹೋಯಿತು. ಆಮೇಲೆ ಏನೂ ಇಲ್ಲ. ರಾಶಿ ಹಾಗೇ ಇತ್ತು. ಒಂದು ನಾಯಿ ಬಂದು ಮೂಸಿ ಹೋಯಿತು. ಅತ್ತಿಗೆಯ ಕೈ ನನ್ನ ಕೈಯೊಳಗಿತ್ತು. ಯಾರು ಯಾರದನ್ನು ಹಿಡಿದುಕೊಂಡೆವೋ ಗೊತ್ತಿಲ್ಲ. ಮುಗಿಯಿತು, ಇನ್ನು ಅತ್ತಿಗೆಗೆ ಏನೆಂದು ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ.

ಆಗ ರಾಶಿಯ ಬುಡ ಸಡಿಲವಾಯಿತು. ಮೇಲಿನದು ಒಳಗೆ ಕುಸಿಯಿತು. ಬೂದುಬಣ್ಣದ ಧೂಳು, ಸುಣ್ಣ ಬೆರೆತದ್ದು, ನೆಲಕ್ಕಂಟಿಕೊಂಡು ಹೊರಗೆ ಬಂತು. ಬರುತ್ತಲೇ ಇತ್ತು. ರಸ್ತೆಯ ಅರ್ಧ ಅಗಲಕ್ಕೆ ಹರಡಿ, ಅವಸರವೇನೂ ಇಲ್ಲದೆ, ಗೂಡಿನ ದಿಕ್ಕಿಗೆ ಹೊರಟಿತು. ಐದೂವರೆಯ ಬಸ್ಸು ಬಂದು ನಿಂತಿತು. ಬಸ್ಸಿನಲ್ಲಿದ್ದವರೆಲ್ಲ ಇನ್ನೊಂದು ಕಡೆಯ ಕಿಟಕಿಗೆ ಮುಖ ತಿರುಗಿಸಿಕೊಂಡು ಕೂತರು. ಅವರಿಗೆ ಯಾರ ಧೂಳೆಂದು ಗೊತ್ತಿತ್ತು.

"ಬದುಕಿದ್ದಾನೆ!" ನಾನು ಎದ್ದು ನಿಂತೆ. "ಅತ್ತಿಗೆ, ಏಳಿ, ಹಿಂದೆ ಹೋಗೋಣ, ಏಳಿ!"

"ನೀನು ಹೋಗು."

"ನೀವು?"

"ನನಗೆ ನೆಲ ತೊಳೆಯೋದಿದೆ."

ನಾನು ಓಡಿದೆ. ಓಡುವ ಅಗತ್ಯವಿರಲಿಲ್ಲ, ಅದು ದನಗಳು ನಡೆಯುವ ವೇಗದಲ್ಲಿ ಹೋಗುತ್ತಿತ್ತು. ಸಂತೆಮಾಳ ದಾಟಿ, ಸುಣ್ಣದ ಗೂಡುಗಳ ಬೆಂಕಿಯ ಮುಂದೆ ಹಾದು, ರಸ್ತೆ ಕವಲೊಡೆಯುವಲ್ಲಿಗೆ ಬಂತು. ಎಡಗಡೆಯ ರಸ್ತೆ ಹೊಳೆಯ ಆಚೆಯ ಪಟ್ಟಣಕ್ಕೆ ಹೋಗುತ್ತದೆ. ಧೂಳು ಆ ದಾರಿಗೆ ತಿರುಗಿತು. ಕಾಣುವವರೆಗೂ ನೋಡಿದೆ. ಬೆಳಕು ಹೋಗುತ್ತಿತ್ತು, ಮಬ್ಬಿನಲ್ಲಿ ಯಾವುದು ರಸ್ತೆ, ಯಾವುದು ಅಣ್ಣನದು ಎಂದು ತಿಳಿಯದಾಯಿತು. ಅಲ್ಲೇ ನಿಂತು ಜೋರಾಗಿ ಅತ್ತೆ. ಸಂತೋಷಕ್ಕೆ ಅತ್ತೆನೆಂದೇ ಆಗ ಅಂದುಕೊಂಡಿದ್ದೆ.

ಮನೆಗೆ ಬಂದರೆ ಅತ್ತಿಗೆ ಸೀರೆ ಎತ್ತಿ ಕಟ್ಟಿ ಶೆಡ್ಡಿನ ನೆಲಕ್ಕೆ ಬಕೆಟ್ಟುಗಟ್ಟಲೆ ನೀರು ಹುಯ್ದು ಉಜ್ಜುತ್ತಿದ್ದರು.

"ಹೋಯ್ತಾ?"

"ಹೋಯ್ತು, ಅತ್ತಿಗೆ."

"ಸರಿ. ಆ ಬಕೆಟ್ಟು ಈ ಕಡೆ ಕೊಡು."

ಯಾವ ರಸ್ತೆಗೆ ಎಂದು ಅವರು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಅವರು ಬೇರೆ ಏನಾದರೂ ಮಾತು ತೆಗೆಯುತ್ತಿದ್ದರು. ಅವರನ್ನು ಬಿಟ್ಟು ಒಬ್ಬಳೇ ಹೋಗಿ ಹುಡುಕಲು ನನಗೂ ಮನಸ್ಸಾಗಲಿಲ್ಲ.

ಗಿರಣಿ ಬಂತು. ಫಿಟ್ಟರು ಬಂದು ಮೋಟರು ಕೂರಿಸಿ ಬೆಲ್ಟು ಹಾಕಿಕೊಟ್ಟ. ಅತ್ತಿಗೆ ಅಷ್ಟು ಬೇಗ ಆ ಕೆಲಸ ಕಲಿಯುತ್ತಾರೆಂದು ಬಸಣ್ಣನೂ ಅಂದುಕೊಂಡಿರಲಿಲ್ಲ. ಜೋಳ, ರಾಗಿ, ಗೋಧಿ ಹೊತ್ತುಕೊಂಡು ಜನ ಡಬ್ಬಿ ಸಾಲಾಗಿ ಇಟ್ಟು ಬೆಂಚಿನ ಮೇಲೆ ಹರಟುತ್ತ ಕೂರುತ್ತಿದ್ದರು. ಅವರ ಮೈಮೇಲೆ ಕೂತ ಹಿಟ್ಟು ಅವರೊಂದಿಗೇ ಹೋಗುತ್ತಿತ್ತು. ಅತ್ತಿಗೆಯ ಕೈಯಿಂದ ಉದುರಿದ್ದು ಸಂಜೆ ಅವರ ಹಿಂದೆ ಅಂಗಳ ದಾಟಿ ಅಡುಗೆಮನೆಯ ಬಾಗಿಲ ತನಕ ಬರುತ್ತಿತ್ತು. "ಇದು ಯಾವ ಕಾಟ" ಎಂದು ಬೈಯುತ್ತಲೇ ಅದನ್ನು ಎತ್ತಿ ಹಸುವಿನ ಮುಸುರೆ ಬಾನಿಗೆ ಹಾಕುತ್ತಿದ್ದರು. ಮೊದಲಿಗಿಂತ ಜೋರಾಗಿ ಮಾತಾಡುವುದು ಅಭ್ಯಾಸವಾಯಿತು, ಮೆಷಿನ್ನಿನ ಸದ್ದಿಗೆ.

ಒಂದು ಭಾನುವಾರ ಹತ್ತು ಗಂಟೆಯ ಸುಮಾರಿಗೆ ನಾನು ಡಬ್ಬಿಗಳ ಹತ್ತಿರ ನಿಂತಿದ್ದೆ. ಬಾಗಿಲಲ್ಲಿ ಒಬ್ಬ ಬಂದು ಸಾಲಿನ ಕೊನೆಗೆ ನಿಂತ. ತಲೆ ಅರ್ಧ ನರೆತಿತ್ತು. ಅಂಗಿ ಒಗೆದದ್ದು, ಇಸ್ತ್ರಿ ಇಲ್ಲದ್ದು. ಕೈಯಲ್ಲಿ ಡಬ್ಬಿಯೂ ಇಲ್ಲ, ಚೀಲವೂ ಇಲ್ಲ. ಅವನು ನಿಂತ ರೀತಿಯಿಂದ, ಒಂದು ಭುಜ ಕೆಳಗೆ ಬಿಟ್ಟುಕೊಂಡು, ಗುರುತು ಹಿಡಿದೆ. ಡಬ್ಬಿ ಬಿಟ್ಟು ಅತ್ತಿಗೆಯ ಕಡೆ ತಿರುಗಿದೆ.

ಅತ್ತಿಗೆ ಅವನನ್ನು ನೋಡಿದರು. ನೋಡಿ, ಮುಂದಿನವರ ಜೋಳ ಬೀಸಿದರು. ಅದರ ಮುಂದಿನವರದೂ ಬೀಸಿದರು. ಅವನ ಸರದಿ ಬಂದಾಗ ಮೆಷಿನ್ನು ನಿಲ್ಲಿಸಿದರು.

"ಏನು ಬೀಸಬೇಕ್ರಿ? ಕೈಯಲ್ಲಿ ಏನೂ ಇಲ್ಲವಲ್ಲ."

"ಧೂಳು ಬಂತು" ಎಂದ ಅಣ್ಣ.

"ಎಲ್ಲಾ ಬಂತಾ?"

"ಬಂತು. ಬಾಗಿಲು ತೆಗೆಯೋಕಾಗದ ಹಾಗೆ ಬಿದ್ದಿತ್ತು."

"ಕೂತ್ಕೊಳ್ಳಿ. ಇವರದೆಲ್ಲ ಮುಗೀಲಿ."

ಅವನು ಬೆಂಚಿನ ತುದಿಗೆ ಕೂತ. ನಾನು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡೆ. ಗಟ್ಟಿ ಕೈ, ಉಗುರಿನ ಸಂದಿಯಲ್ಲಿ ಗ್ರೀಸು. ಜನ ಒಬ್ಬೊಬ್ಬರೇ ಡಬ್ಬಿ ಎತ್ತಿಕೊಂಡು, ನೆಲ ನೋಡುತ್ತ ಹೊರಟುಹೋದರು. ಹೊರಗಿನ ಬಿಸಿಲು ಬಾಗಿಲ ತನಕ ಬಂದಾಗ ನಾವು ಮೂವರೇ ಉಳಿದೆವು.

"ಎಲ್ಲಿದ್ದೆ? ಯಾಕೆ ಹೋದೆ ಅಣ್ಣಾ?" ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಎಷ್ಟು ಸಣ್ಣದಾಗಿ ಹೊರಗೆ ಬಂತು.

ಅವನು ಗಿರಣಿಯ ಕಡೆ ನೋಡುತ್ತ ಹೇಳಿದ. "ಹೋಗಬೇಕು ಅಂತ ಹೋಗಲಿಲ್ಲ, ಗಂಗಾ. ಹೊಳೆಯಾಚೆ ವ್ಯಾನು ಕೆಟ್ಟು ನಿಂತಿತು. ರಿಪೇರಿಗೆ ಬಿಟ್ಟು ಅಲ್ಲೇ ಒಂದು ರಾತ್ರಿ ಉಳಿದೆ. ಯಾರೂ ನನ್ನ ಏನೂ ಕೇಳದ ಊರು. ಹಾಯಾಗಿತ್ತು. ಇನ್ನೊಂದು ದಿನ ಇರೋಣ ಅನ್ನಿಸಿತು. ಆಮೇಲೆ ಒಂದು ವಾರ ಆಯ್ತು. ವಾರ ಆದ ಮೇಲೆ ಏನು ಹೇಳಿಕೊಂಡು ಬರಲಿ? ತಿಂಗಳಾದ ಮೇಲಂತೂ ನಾಚಿಕೆ ಆಯ್ತು. ಅಲ್ಲೇ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ನಿಂತೆ. ಬೇರೆ ಯಾರೂ ಇಲ್ಲ, ನಂಬಿದರೆ ನಂಬಿ."

ಅತ್ತಿಗೆ ಗಿರಣಿಯ ಬಾಯಿ ಒರೆಸುತ್ತಿದ್ದರು. "ಮತ್ತೆ ಈಗ ಯಾಕೆ ಬಂದ್ರಿ?"

"ದಿನಾ ಸಂಜೆ ಬಾಗಿಲ ಹತ್ತಿರ ನೋಡ್ತಿದ್ದೆ. ಮೊದಮೊದಲು ಮನೆಯ ಧೂಳು ಬರ್ತಿತ್ತು. ಆಮೇಲೆ ನಿಂತುಹೋಯ್ತು. ಶೆಡ್ಡಿನದು ಬರಲಿಲ್ಲ. ಅಂದರೆ ನೀವು ಅದನ್ನ ಹಾಗೇ ಇಟ್ಟಿದ್ದೀರಿ ಅಂತ ತಿಳ್ಕೊಂಡೆ. ಜಾಗ ಇದೆಯಲ್ಲ, ಇವತ್ತಲ್ಲ ನಾಳೆ ಹೋದರಾಯ್ತು ಅಂತ ಇದ್ದುಬಿಟ್ಟೆ. ಮೊನ್ನೆ ಅದು ಬಂದು ಬಿದ್ದಾಗ ಆ ಜಾಗಾನೂ ಹೋಯ್ತು ಅನ್ನಿಸಿತು."

ಅತ್ತಿಗೆಯ ಕೈ ನಿಂತಿತು. ಬಟ್ಟೆಯನ್ನು ಹಿಡಿದುಕೊಂಡು ಅವನನ್ನೇ ನೋಡಿದರು. ಸಿಟ್ಟು ಬರುತ್ತದೆ, ಕಿರುಚುತ್ತಾರೆ ಎಂದು ನಾನು ಕಾದೆ. ಅವರು ಬೆಂಚಿನ ಈ ತುದಿಗೆ ಬಂದು ಕೂತರು. ಅವನಿಗಲ್ಲ, ನನಗೆ ಹೇಳಿದರು.

"ನಾನು ಗುಡಿಸದೆ ಇಟ್ಟಿದ್ದು ಇವರಿಗೆ ಬರೋದಕ್ಕೆ ಜಾಗ ಇರಲಿ ಅಂತ. ಇವರು ಬರದೆ ಇದ್ದಿದ್ದು ನಾನು ಗುಡಿಸಿಲ್ಲ ಅಂತ. ನೋಡು ಗಂಗಾ, ಎಷ್ಟು ವರ್ಷ."

ಅವರ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ಗೆರೆಯಾಯಿತು. ಸೆರಗಿನಿಂದ ಒರೆಸಿಕೊಳ್ಳಲಿಲ್ಲ. ಅಣ್ಣ ತಲೆ ತಗ್ಗಿಸಿಕೊಂಡಿದ್ದ.

"ಇರಲಾ, ಹೋಗಲಾ?" ಎಂದು ಕೊನೆಗೆ ಅವನೇ ಕೇಳಿದ.

"ಅದನ್ನ ನನ್ನ ಕೇಳಬೇಡಿ. ನೀವು ಹೋಗುವಾಗ ಕೇಳಲಿಲ್ಲ. ಊಟದ ಹೊತ್ತಾಯ್ತು, ಗಂಗಾ ಬಡಿಸ್ತಾಳೆ, ತಿನ್ನಿ. ಊರಲ್ಲೇ ಇರೋದಾದರೆ ಗಿರಣಿಯಲ್ಲಿ ಮೂಟೆ ಎತ್ತೋ ಕೆಲಸ ಇದೆ. ಮನೆಯೊಳಗೆ ಜಾಗ ಇಲ್ಲ."

ಅಣ್ಣ ಊಟ ಮಾಡಿದ. ಎರಡನೆಯ ಸಲ ಸಾರು ಹಾಕಿಸಿಕೊಳ್ಳಲು ಸಂಕೋಚಪಟ್ಟ. ನಾನು ಬಲವಂತ ಮಾಡಿ ಹಾಕಿದೆ. ರಾತ್ರಿ ಜಗಲಿಯಲ್ಲಿ ಮಲಗಿದ್ದು ಮರುದಿನ ಬಸ್ಸಿಗೆ ಹೋದ. ಇನ್ನು ಬರುವುದಿಲ್ಲ ಎಂದುಕೊಂಡೆ. ವಾರ ಕಳೆಯುವುದರೊಳಗೆ ಒಂದು ಟ್ರಂಕು ಹೊತ್ತುಕೊಂಡು ಬಂದು ಸುಣ್ಣದ ಗೂಡಿನ ಹತ್ತಿರ ಒಂದು ಕೋಣೆ ಹಿಡಿದ. ಬೆಳಿಗ್ಗೆ ಎಂಟಕ್ಕೆ ಗಿರಣಿಗೆ ಬರುತ್ತಾನೆ, ಮೂಟೆ ಎತ್ತಿ ಕೊಡುತ್ತಾನೆ, ಬೆಲ್ಟು ಸಡಿಲವಾದರೆ ಬಿಗಿ ಮಾಡುತ್ತಾನೆ, ಸಂಜೆ ಹೋಗುತ್ತಾನೆ. ಮಧ್ಯಾಹ್ನದ ಊಟ ನಾನು ಜಗಲಿಗೆ ಒಯ್ದು ಕೊಡುತ್ತೇನೆ. ಅತ್ತಿಗೆ ಅವನೊಂದಿಗೆ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಾರೆ. ಮೊನ್ನೆ ಯಾಕೋ ಇಬ್ಬರೂ ನಗುವುದು ಕೇಳಿಸಿತು. ನಾನು ಹೋಗಿ ನೋಡುವಷ್ಟರಲ್ಲಿ ನಿಂತಿತ್ತು.

ಕಳೆದ ವಾರ ಹೊಸದಾಗಿ ಊರಿಗೆ ಬಂದ ಹೆಂಗಸೊಬ್ಬಳು ರಾಗಿ ಬೀಸಿಸಲು ಬಂದಿದ್ದಳು. ಅಣ್ಣ ಡಬ್ಬಿ ಎತ್ತಿ ಸುರಿಯುತ್ತಿದ್ದುದನ್ನು ನೋಡಿ ಅತ್ತಿಗೆಯನ್ನು ಸಹಜವಾಗಿ ಕೇಳಿದಳು, "ನಿಮ್ಮ ಯಜಮಾನ್ರಾ?"

ನನ್ನ ಕೈ ತಕ್ಕಡಿಯ ಮೇಲೆ ನಿಂತುಹೋಯಿತು. ಅಣ್ಣ ಗಿರಣಿಯ ಬಾಯಿಯಿಂದ ತಲೆ ಎತ್ತಲಿಲ್ಲ.

"ನಮ್ಮ ಗಂಗಾನ ಅಣ್ಣ" ಎಂದರು ಅತ್ತಿಗೆ. ಹೇಳಿ, ಸ್ವಿಚ್ಚು ಒತ್ತಿದರು.